ಹೊಳೆ ಕಡೆಯ ಬಾಗಿಲು

"ಇನ್ನು ಸಂಜೆವರೆಗೆ ಎಲ್ಲ ಮಂಜು ಮಂಜಾಗಿ ಕಾಣ್ತದೆ. ಬಿಸಿಲಲ್ಲಿ ತಿರುಗ್ಬೇಡಿ" ಎಂದು ಹೇಳಿ ನರ್ಸು ಸುಬ್ಬಣ್ಣನನ್ನು ಆಸ್ಪತ್ರೆಯಿಂದ ಹೊರಗೆ ಕಳಿಸಿದಾಗ ಮಂಗಳೂರಿನ ಬಿಸಿಲು ನೆತ್ತಿ ಸುಡುತ್ತಿತ್ತು. ಎರಡೂ ಕಣ್ಣಿಗೆ ಹನಿ ಹಾಕಿಸಿಕೊಂಡಿದ್ದ ಸುಬ್ಬಣ್ಣ ಮೆಟ್ಟಿಲ ಮೇಲೆ ನಿಂತು ಗಾಳಿಯಲ್ಲಿ ಕೈಯಾಡಿಸಿದ. ಹೆಂಡತಿ ಪಾಪಮ್ಮ ತನ್ನ ಹೆಗಲನ್ನು ಆ ಕೈಯ ಕೆಳಗೆ ಕೊಟ್ಟಳು.

ಇಬ್ಬರೂ ಬಾಳೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಚಾರ್ಮಾಡಿ ಘಾಟಿ ಇಳಿದು ಬಂದವರು. ತೊಂಬತ್ತೇಳನೇ ಇಸವಿಯ ಫೆಬ್ರವರಿ. ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಬಿಡುವಿನ ದಿನಗಳು. ಸುಬ್ಬಣ್ಣನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಹಣ್ಣು ಯಾವುದು ಕಾಯಿ ಯಾವುದು ಗೊತ್ತಾಗದೆ ಕಣದಲ್ಲಿ ಆಳುಗಳ ಮೇಲೆ ಸುಮ್ಮನೆ ರೇಗತೊಡಗಿದ ಮೇಲೆ ಪಾಪಮ್ಮನೇ ಹಟ ಹಿಡಿದು ಹೊರಡಿಸಿದ್ದಳು. ಮುಂದಿನ ತಿಂಗಳು ಆಪರೇಶನ್ ಎಂದು ಡಾಕ್ಟರು ಹೇಳಿದ್ದರು. ಬಾಳೂರಿನ ಮೇಲೆ ಹೋಗುವ ಕಳಸದ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮದುವೆಯಾದಾಗಿನಿಂದ ಎಲ್ಲಿಗೆ ಹೋದರೂ ಸುಬ್ಬಣ್ಣ ಮುಂದೆ, ಪಾಪಮ್ಮ ಹಿಂದೆ. ಅವತ್ತು ಮಾತ್ರ ಅದು ತಿರುಗಾಮುರುಗಾ ಆಗಿತ್ತು. ಆ ಧೈರ್ಯದಲ್ಲೇ ಇರಬೇಕು, ಅವಳು ಕೇಳಿದಳು: "ಹ್ಯಾಗೂ ಬಂದಿದೀವಿ. ಒಂಚೂರು ಸಮುದ್ರ ನೋಡ್ಕೊಂಡ್ ಹೋಗಣ್ವಾ?"

"ನಂಗೆ ನಿನ್ ಮುಖನೇ ಕಾಣ್ತಿಲ್ಲ, ಸಮುದ್ರ ಏನ್ ಕಾಣ್ತದೆ ಮಾರಾಯ್ತಿ?"

"ನಂಗ್ ಕಾಣ್ತದಲ್ಲ."

ಆಟೋದವನು ಕನ್ನಡಿಯಲ್ಲಿ ಅವರನ್ನು ನೋಡಿ, "ಸಮುದ್ರಕ್ಕೆ ಪಣಂಬೂರಿಗೆ ಹೋಗ್ಬೇಕು, ದೂರ ಆಗ್ತದೆ. ಇಲ್ಲೇ ಹಳೆ ಬಂದರಿಗೆ ಬಿಡ್ತೇನೆ, ಅಲ್ಲಿ ನದಿ ಉಂಟು, ಆಚೆ ಸಮುದ್ರವೇ" ಎಂದ. ಇಳಿಜಾರಿನ ರಸ್ತೆ, ಹೆಂಚಿನ ಗೋದಾಮುಗಳು, ಒಣಮೆಣಸಿನ ಮೂಟೆ ಹೇರಿದ ಲಾರಿಗಳು, ಐಸಿನ ನೀರು ಸುರಿಸುತ್ತಾ ಹೋಗುವ ಮೀನಿನ ಟೆಂಪೊಗಳು. ಎಲ್ಲದರ ನಡುವೆ ಅವರನ್ನು ಇಳಿಸಿ ಅವನು ಹೊರಟುಹೋದ.

ಇಳಿದ ಕೂಡಲೇ ಪಾಪಮ್ಮನಿಗೆ ಒಂದು ವಾಸನೆ ಬಂತು. ಮೀನು, ಡಾಂಬರು, ಒದ್ದೆ ಹಗ್ಗ ಮೂರೂ ಸೇರಿದ ವಾಸನೆ. ಸುಬ್ಬಣ್ಣ ಮೂಗು ಮುಚ್ಚಿಕೊಂಡ. ಅವಳು ಮುಚ್ಚಿಕೊಳ್ಳಲಿಲ್ಲ. ಅವಳಿಗೆ ಗಾಬರಿಯಾಗಿತ್ತು. ಹುಟ್ಟಿದಾಗಿನಿಂದ ಸಮುದ್ರದ ದಿಕ್ಕಿಗೆ ಬಾರದ ತನಗೆ ಈ ವಾಸನೆ ಹೇಗೆ ಗೊತ್ತು?

ಅವಳಿಗೆ ಒಂದು ನೆನಪಿತ್ತು. ನೆನಪೋ ಕನಸೋ, ಅವಳೇ ಹೇಳಲಾರಳು. ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸಿನದು. ಯಾರದೋ ದೊಡ್ಡ ಕೈ ಹಿಡಿದು ಮರದ ಮೆಟ್ಟಿಲು ಹತ್ತುತ್ತಿದ್ದಾಳೆ. ಮೇಲೆ ಒಂದು ಕೋಣೆ. ಅಂಗಾತ ಮಲಗಿ ನೋಡಿದರೆ ಚಾವಣಿಯ ಮೇಲೆ ನೀರು ಹರಿಯುತ್ತಿದೆ. ಅಷ್ಟೇ. ಕೈ ಹಿಡಿದವರ ಮುಖ ನೆನಪಿಲ್ಲ. ಚಿಕ್ಕವಳಿದ್ದಾಗ ಇದನ್ನು ಹೇಳಿದರೆ ಅಪ್ಪ ಭೂತಯ್ಯ ದೊಡ್ಡದಾಗಿ ನಕ್ಕು, "ಚಾವಣಿ ಮೇಲೆ ನೀರು ಹರಿದ್ರೆ ಅದಕ್ಕೆ ಸೋರೋದು ಅಂತಾರೆ ಮಗಾ" ಎನ್ನುತ್ತಿದ್ದ. ಅವ್ವ ತುಂಗಮ್ಮ ನಗುತ್ತಿರಲಿಲ್ಲ. "ಕನಸು" ಎಂದು ಹೇಳಿ ಎದ್ದು ಒಳಗೆ ಹೋಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಸುಬ್ಬಣ್ಣನಿಗೂ ಹೇಳಿ, ಅವನೂ ನಕ್ಕ ಮೇಲೆ ಪಾಪಮ್ಮ ಅದನ್ನು ಯಾರ ಹತ್ತಿರವೂ ಎತ್ತಿರಲಿಲ್ಲ.

"ಎಲ್ಲಾದ್ರೂ ನೆರಳಿಗೆ ಕೂರ್ಸೆ, ಕಣ್ಣು ಉರೀತಿದೆ" ಎಂದ ಸುಬ್ಬಣ್ಣ.

ಹತ್ತಿರದಲ್ಲಿದ್ದ ನೆರಳೆಂದರೆ ಒಂದು ಹಳೆಯ ಸರ್ಕಾರಿ ಕಟ್ಟಡ. ದಪ್ಪ ಗೋಡೆ, ಹಳದಿ ಸುಣ್ಣ, ಮಂಗಳೂರು ಹೆಂಚು. ರಸ್ತೆಯ ಕಡೆಗೆ ಒಂದು ಸಣ್ಣ ಬಾಗಿಲು. ಮೇಲೆ ಇಲಾಖೆಗಳ ಹೆಸರಿನ ಫಲಕಗಳು ಒಂದರ ಪಕ್ಕ ಒಂದು ನೇತಾಡುತ್ತಿದ್ದವು. ಒಂದಕ್ಕೆ ಬಣ್ಣ ಹೋಗಿತ್ತು, ಇನ್ನೊಂದು ವಾಲಿತ್ತು. ಅದು ಯಾವ ಕಚೇರಿ ಎಂಬುದು ಪಾಪಮ್ಮನಿಗೆ ತಿಳಿಯಲಿಲ್ಲ. ಗಂಡನನ್ನು ನಡೆಸಿಕೊಂಡು ಒಳಗೆ ಹೋದಳು.

ಒಳಗೆ ತಂಪಾಗಿತ್ತು, ಕತ್ತಲೆಯೂ ಇತ್ತು. ಹಲಗೆಯ ಅಡ್ಡಗೋಡೆ ಹಾಕಿ ದೊಡ್ಡ ಹಜಾರವನ್ನು ಗೂಡು ಗೂಡು ಮಾಡಿದ್ದರು. ಒಂದು ಗೂಡಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕನ್ನಡಕ ಹಾಕಿದ ಹೆಂಗಸೊಬ್ಬರು ಕೂತಿದ್ದರು. ಮೇಜಿನ ಮೇಲೆ ಮರಿಯಮ್ಮ ಎಂದು ಹೆಸರಿತ್ತು.

"ಎಂತ ಆಗ್ಬೇಕಿತ್ತು?" ಮರಿಯಮ್ಮ ತಲೆಯೆತ್ತದೆ ಕೇಳಿದರು.

"ಸ್ವಲ್ಪ ಹೊತ್ತು ಇಲ್ಲೇ ಇರ್ಬೋದಾ ಅಂತ" ಎಂದು ಸುಬ್ಬಣ್ಣ ಪಕ್ಕದ ಕಪಾಟಿಗೆ ಕೈ ಮುಗಿದು ಹೇಳಿದ.

"ಬೋಟಿನ ಹೆಸರು ಹೇಳಿ."

"ಬೋಟಾ? ನಮ್ದು ಕಾಫಿ."

"ಕಾಫಿ ಅಂತ ಬೋಟು ಈ ಬಂದರಿನಲ್ಲಿ ಇಲ್ಲ ಮಾರಾಯ್ರೆ. ಮಲ್ಪೆಯದ್ದಾ?"

"ಅಲ್ಲ, ಬಾಳೂರಿಂದು."

"ಬಾಳೂರು ಎಲ್ಲಿ ಬರ್ತದೆ, ಕುಂದಾಪುರದ ಹತ್ರವಾ?"

"ಎಲ್ಲಾದ್ರೂ ಉಂಟೇನಮ್ಮಾ! ಮೂಡಿಗೆರೆ ತಾಲ್ಲೂಕು. ಘಟ್ಟದ ಮೇಲೆ."

ಮರಿಯಮ್ಮ ಈಗ ತಲೆಯೆತ್ತಿದರು. ಕಪಾಟಿನ ಜೊತೆ ಮಾತಾಡುತ್ತಿದ್ದ ಗಂಡಸನ್ನೂ ಅವನ ಕೈ ಹಿಡಿದು ನಿಂತ ಹೆಂಗಸನ್ನೂ ನೋಡಿದರು. ಪಾಪಮ್ಮ ಕಣ್ಣಿನ ಔಷಧಿಯ ಕಥೆ ಹೇಳಿದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ಘಟ್ಟದ ಮೇಲೆ ಬೋಟು ಎಂತಕ್ಕೆ ಅಂತ ನಾನೂ ಗ್ರಹಿಸಿದೆ. ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದುಕೊಟ್ಟರು.

"ಇದು ಹಳೇ ಕಟ್ಟಡ ಅಲ್ವಾಮ್ಮಾ?" ಪಾಪಮ್ಮ ಕೇಳಿದಳು.

"ಬ್ರಿಟಿಷರ ಕಾಲದ್ದು. ಆಗ ಸುಂಕದ ಕಚೇರಿ. ಬಂದರಿಗೆ ಬಂದದ್ದು, ಬಂದರಿಂದ ಹೋದದ್ದು ಎಲ್ಲ ಇಲ್ಲಿಂದಲೇ. ಈಗ ಕೆಳಗೆ ನಾವು, ಆಚೆ ಇನ್ನೊಂದು ಇಲಾಖೆ. ಮೇಲೆ ಹಾಳುಮೂಳು ಸಾಮಾನು."

ಪಾಪಮ್ಮ ಸುತ್ತ ನೋಡಿದಳು. ಗೋಡೆ, ಕಪಾಟು, ಜೇಡರಬಲೆ. ಎಲ್ಲೂ ಯಾವ ಗುರುತೂ ಹತ್ತಲಿಲ್ಲ. ವಾಸನೆ ಒಂದೇ ಬಿಟ್ಟರೆ ಇದು ಮೂಡಿಗೆರೆಯ ತಾಲ್ಲೂಕು ಆಫೀಸಿನ ಹಾಗೇ ಇತ್ತು. ತನಗೇಕೆ ಹೀಗಾಗುತ್ತಿದೆ ಎಂದು ಅವಳಿಗೆ ನಾಚಿಕೆಯಾಯಿತು. ಮುಖ ತೊಳೆದರೆ ಸರಿಹೋದೀತೆಂದು ನೀರು ಎಲ್ಲಿ ಎಂದು ಕೇಳಿದಳು. ಗೂಡುಗಳ ನಡುವಿನ ಓಣಿಯಲ್ಲಿ ನೇರ ಹೋದರೆ ಹಿಂದೆ ನಲ್ಲಿ ಇದೆ ಎಂದರು ಮರಿಯಮ್ಮ.

ಓಣಿ ಮುಗಿದದ್ದೇ ಹೊಳೆಯ ದಂಡೆ. ಬಾಗಿಲು ದಾಟಿದರೆ ಕಲ್ಲಿನ ಜಗಲಿ, ಅಲ್ಲಿಂದ ನೀರಿನವರೆಗೂ ಅಗಲವಾದ ಕಲ್ಲಿನ ಪಾವಟಿಗೆ. ಬಣ್ಣ ಬಣ್ಣದ ಬೋಟುಗಳು ಒಂದಕ್ಕೊಂದು ತಾಗಿ ನಿಂತು ಕಿರುಗುಡುತ್ತಿದ್ದವು. ನೀರಿನ ಆಚೆ ತೆಂಗಿನ ಸಾಲು, ಅದರಾಚೆ ಬಿಳಿಯ ಆಕಾಶ. ಪಾಪಮ್ಮ ನಲ್ಲಿ ತಿರುಗಿಸಿ ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡು ಹಿಂದಕ್ಕೆ ತಿರುಗಿದಳು. ತಿರುಗಿದವಳು ಅಲ್ಲೇ ನಿಂತುಬಿಟ್ಟಳು.

ರಸ್ತೆಯಿಂದ ಬಡಕಲಾಗಿ ಕಂಡಿದ್ದ ಕಟ್ಟಡ ಈ ಕಡೆಯಿಂದ ಬೇರೆಯೇ ಆಗಿತ್ತು. ದಪ್ಪ ಕಂಬಗಳು, ಆನೆ ಹೋಗುವಷ್ಟು ದೊಡ್ಡ ಕಮಾನಿನ ಬಾಗಿಲು. ಬಾಗಿಲ ಒಳಗೆ, ಬಲಕ್ಕೆ, ಮೇಲೆ ಹತ್ತುವ ಮರದ ಮೆಟ್ಟಿಲು. ಅವಳ ಕೈ ತಾನಾಗಿಯೇ ಮೇಲೆದ್ದಿತು. ಎತ್ತರದವರು ಯಾರೋ ಹಿಡಿದುಕೊಂಡ ಹಾಗೆ. ತನ್ನ ಕೈಯನ್ನೇ ಒಮ್ಮೆ ನೋಡಿ ಇಳಿಸಿಕೊಂಡಳು.

ಅವಳು ಯಾರ ಅಪ್ಪಣೆಯನ್ನೂ ಕೇಳದೆ ಮೆಟ್ಟಿಲು ಹತ್ತಿದಳು. ನೆನಪಿನಲ್ಲಿದ್ದಷ್ಟು ಎತ್ತರವಿರಲಿಲ್ಲ. ಮೇಲಿನ ಕೋಣೆಯ ಬಾಗಿಲು ತೆರೆದೇ ಇತ್ತು. ಮುರಿದ ಕುರ್ಚಿಗಳು, ಹರಿದ ಬಲೆಯ ರಾಶಿ, ಧೂಳು. ಹೊಳೆಯ ಕಡೆಗೆ ದೊಡ್ಡ ಕಿಟಕಿ. ಪಡುವಣಕ್ಕೆ ವಾಲಿದ ಬಿಸಿಲು ನೀರಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಕಿಟಕಿಯೊಳಗೆ ಬಂದು ಚಾವಣಿಯ ಹಲಗೆಗಳ ಮೇಲೆ ಅಲೆ ಅಲೆಯಾಗಿ ಹರಿಯುತ್ತಿತ್ತು. ಒಂದು ಬೋಟು ಹೊರಟರೆ ಚಾವಣಿಯೆಲ್ಲ ಕದಡುತ್ತಿತ್ತು. ಬೋಟು ದೂರ ಹೋದ ಮೇಲೆ ಮತ್ತೆ ನಿಧಾನವಾಗಿ ಹರಿಯುತ್ತಿತ್ತು.

ಪಾಪಮ್ಮ ಗೋಡೆಗೊರಗಿ ನಿಂತಳು. ಸಂತೋಷಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ. ಇದನ್ನು ಇನ್ನೊಬ್ಬರು ನೋಡದಿದ್ದರೆ ತನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಕಾಗುತ್ತದೆ ಎನ್ನಿಸಿ ಓಡೋಡಿ ಕೆಳಗಿಳಿದಳು. ಇಳಿದವಳಿಗೆ ದಾರಿ ತಪ್ಪಿತು. ಹಲಗೆಯ ಗೂಡುಗಳ ನಡುವೆ ತಿರುಗಿ ಇನ್ನಾವುದೋ ಇಲಾಖೆಯ ಸಾಹೇಬರ ಮುಂದೆ ಹೋಗಿ ನಿಂತು, "ಅಲ್ಲ, ಇದಲ್ಲ" ಎಂದು ಹೇಳಿ ವಾಪಸು ಬಂದಳು. ಮರಿಯಮ್ಮ ತರಿಸಿಕೊಟ್ಟ ಚಹಾ ಕುಡಿಯುತ್ತಿದ್ದ ಸುಬ್ಬಣ್ಣನ ರಟ್ಟೆ ಹಿಡಿದು ಎಬ್ಬಿಸಿ ಮೇಲಕ್ಕೆ ಕರೆದುಕೊಂಡು ಹೋದಳು. ಏನಾಯಿತೋ ಎಂದು ಮರಿಯಮ್ಮನೂ ಹಿಂದೆ ಬಂದರು.

"ಮೇಲೆ ನೋಡಿ. ಚಾವಣಿ ನೋಡಿ. ನೀರು ಹರೀತಿದ್ಯೋ ಇಲ್ವೋ ಹೇಳಿ."

ಸುಬ್ಬಣ್ಣ ಕತ್ತೆತ್ತಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. "ನಂಗೀಗ ಎಲ್ಲಾ ನೀರೇ ಮಾರಾಯ್ತಿ. ನೀನೂ ನೀರೇ" ಎಂದ.

"ಮಧ್ಯಾಹ್ನದ ಮೇಲೆ ಹೀಗೇ ಇಲ್ಲಿ" ಎಂದರು ಮರಿಯಮ್ಮ. "ಯಾಕೆ, ನೀವು ಮೊದಲು ಬಂದಿದ್ರಾ?"

"ಇಲ್ಲ" ಎಂದಳು ಪಾಪಮ್ಮ. ಆಮೇಲೆ "ಹೌದು" ಎಂದಳು. ಆಮೇಲೆ, "ಗೊತ್ತಿಲ್ಲಮ್ಮಾ. ಮೊದ್ಲು ಒಳಗೆ ಬಂದಾಗ ಒಂದೂ ಗುರ್ತು ಸಿಗ್ಲಿಲ್ಲ. ಹೊಳೆ ಕಡೆಯಿಂದ ಬಂದ್ರೆ ಎಲ್ಲಾ ಗೊತ್ತು."

"ಅದೇ ಅಲ್ವಾ ಮೊದಲಿನ ಎದುರು ಬಾಗಿಲು. ಆಗ ಎಲ್ಲರೂ ನೀರಿನ ಕಡೆಯಿಂದ ಬರ್ತಿದ್ದದ್ದು. ರಸ್ತೆ ಕಡೆ ಬಾಗಿಲು ಆಮೇಲೆ ಒಡೆದದ್ದಂತೆ."

ಬಸ್ಸಿನಲ್ಲಿ ಪಾಪಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬೆಳ್ತಂಗಡಿ ದಾಟಿದ ಮೇಲೆ ಸುಬ್ಬಣ್ಣನೇ ಮಾತು ತೆಗೆದ. ಹಿಂದೆ ನಕ್ಕದ್ದು ತಪ್ಪಾಯಿತೆಂದು ಅವನಿಗೂ ಅನ್ನಿಸಿತ್ತೋ ಏನೋ. "ಅಲ್ಲ ಕಣೆ, ನಿಮ್ಮಪ್ಪ ಜನ್ಮದಲ್ಲಿ ಘಟ್ಟ ಇಳಿದೋರಲ್ಲ ಅಂತಿದ್ರು. ಮಂಗ್ಳೂರು ಹೆಂಚು ನೋಡಿದೀನಿ, ಮಂಗ್ಳೂರು ನೋಡಿಲ್ಲ ಅಂತ ನನ್ ಹತ್ರನೇ ಹೇಳಿದ್ರಪ್ಪ. ಮತ್ತೆ ನಿನ್ನ ಕರ್ಕೊಂಡ್ ಹೋದೋರು ಯಾರು?"

ಅವಳನ್ನು ಕಾಡುತ್ತಿದ್ದದ್ದೂ ಅದೇ. ಕನಸು ಎನ್ನುವವರೆಗೆ ಎಲ್ಲವೂ ಸುಲಭವಿತ್ತು. ಈಗ ಆ ಮೆಟ್ಟಿಲು ನಿಜ, ಆ ಕೋಣೆ ನಿಜ. ಹಾಗಾದರೆ ಆ ಕೈಯೂ ನಿಜ. ಅದು ಭೂತಯ್ಯನದಲ್ಲವಾದರೆ ಯಾರದು? ಅವನದೇ ಆದರೆ ಅವನು ಸಾಯುವ ತನಕ ಸುಳ್ಳು ಹೇಳಿದ್ದೇಕೆ? ಘಾಟಿಯ ತಿರುವುಗಳಲ್ಲಿ ಬಸ್ಸು ವಾಲಿದಾಗಲೆಲ್ಲ ಅವಳ ಯೋಚನೆಯೂ ಒಮ್ಮೆ ಆ ಕಡೆಗೆ ಒಮ್ಮೆ ಈ ಕಡೆಗೆ ಹೊರಳುತ್ತಿತ್ತು.

ಮರುದಿನ ಬೆಳಿಗ್ಗೆ ಮನೆಯ ಕೆಲಸ ಮುಗಿಸಿದವಳೇ ಜೀಪು ಹತ್ತಿ ಕಳಸಕ್ಕೆ ಹೋದಳು. ಅವ್ವ ತುಂಗಮ್ಮ ಅಲ್ಲಿ ಮಗ ದಾಮೋದರನ ಮನೆಯಲ್ಲಿದ್ದಳು. ದಾಮೋದರ ಪಾಪಮ್ಮನ ತಮ್ಮ. ಅಡಿಕೆ, ಮೆಣಸಿನ ಸ್ವಲ್ಪ ಜಮೀನಿತ್ತು. ಅವನು ತೋಟಕ್ಕೆ ಹೋಗಿದ್ದ. ತುಂಗಮ್ಮ ಅಂಗಳದಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು ಹಸಿ ಕಾಳುಮೆಣಸಿನ ಗೊನೆಗಳನ್ನು ಉಜ್ಜಿ ಕಾಳು ಉದುರಿಸುತ್ತಿದ್ದಳು. ಮಗಳು ಹೇಳದೆ ಕೇಳದೆ ಬಂದದ್ದು ನೋಡಿ, "ಸುಬ್ಬಣ್ಣನ ಕಣ್ಣಿಗೆ ಏನಂದ್ರು?" ಎಂದು ಕೇಳಿದಳು.

"ಆಪರೇಶನ್ ಆಗ್ಬೇಕಂತೆ" ಎಂದು ಪಾಪಮ್ಮ ಚಾಪೆಯ ತುದಿಗೆ ಕೂತಳು. ಸುತ್ತು ಬಳಸಿ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿ ತೆರೆದರೆ ಎಲ್ಲ ಒಟ್ಟಿಗೇ ಬಂತು. "ಅವ್ವಾ, ಮಂಗ್ಳೂರಲ್ಲಿ ಆ ಕೋಣೆ ನೋಡ್ದೆ. ಚಾವಣಿ ಮೇಲೆ ನೀರು ಹರಿಯೋದು."

"ಅದು ಕನಸು ಅಂತ ಎಷ್ಟ್ ಸಲ ಹೇಳೋದು ನಿಂಗೆ?" ತುಂಗಮ್ಮನ ಕೈ ಗೊನೆ ಉಜ್ಜುತ್ತಲೇ ಇತ್ತು.

"ಕನಸಲ್ಲ. ಬಾಗ್ಲು ಹೊಳೆ ಕಡೆ ಇದೆ. ಒಳಗೆ ಹೋದ್ರೆ ಬಲಕ್ಕೆ ಮೆಟ್ಲು. ಮೇಲೆ ಹೋದ್ರೆ ದೊಡ್ ಕಿಟಕಿ. ಅಲ್ಲಿ ನಿಂತು ನೋಡ್ದೆ ನಾನು. ನಿನ್ನೆ. ಎಚ್ಚರವಾಗೇ ಇದ್ದೆ."

ತುಂಗಮ್ಮನ ಕೈ ನಿಂತಿತು. ಅವಳು ಮಗಳನ್ನು ನೋಡಲಿಲ್ಲ; ಬೇಲಿಯ ಆಚೆ ಎಲ್ಲಿಯೋ ನೋಡುತ್ತಾ ಕೇಳಿದಳು: "ಅಲ್ಲೊಂದು ಉದ್ದ ಬೆಂಚಿತ್ತು. ಈಗ್ಲೂ ಇದ್ಯಾ?"

ಪಾಪಮ್ಮ ಚಾಪೆಯ ಮೇಲೆ ಹತ್ತಿರ ಸರಿದಳು. "ಇಲ್ಲ. ಬರೀ ಮುರುಕು ಕುರ್ಚಿ" ಎಂದಳು.

ತುಂಗಮ್ಮ ಮೆಣಸಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ ಹೇಳಿದಳು. ಅಳಲಿಲ್ಲ. ಯಾರದೋ ಮನೆಯ ವಿಷಯ ಹೇಳುವ ಹಾಗೆ ಹೇಳಿದಳು.

ಆಗ ಅವಳು ಮೂಡಿಗೆರೆ ಕಡೆಯ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿದ್ದಳು. ಗಂಡನ ಹೆಸರು ಮಂಜಯ್ಯ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಸುಗ್ಗಿ ಮುಗಿದ ಮೇಲೆ ಯಾಲಕ್ಕಿ, ಮೆಣಸು ಗಾಡಿಗೆ ಹೇರಿಸಿಕೊಂಡು ಘಟ್ಟ ಇಳಿದು ಮಂಗಳೂರಿಗೆ ಮುಟ್ಟಿಸಿ ಬರುವುದು ಅವನ ಕೆಲಸ. ಒಂದು ವರ್ಷ, ಮಾಲಿನ ಜೊತೆ ಬೊಂಬಾಯಿಯವರೆಗೂ ಹೋಗಿ ಬಾ ಎಂದು ದೊರೆ ಹೇಳಿದ. ಮಂಜಯ್ಯ ಖುಷಿಯಿಂದಲೇ ಮಂಜಿ ಎಂಬ ಹಾಯಿಹಡಗು ಹತ್ತಿದ. ಆ ಮಂಜಿ ಬೊಂಬಾಯಿಗೆ ಮುಟ್ಟಲಿಲ್ಲ ಎಂದು ಸುದ್ದಿ ಬಂತು. ತುಂಗಮ್ಮ ಹಟ ಹಿಡಿದು, ಎಳೆಯ ಮಗಳನ್ನೂ ಕಟ್ಟಿಕೊಂಡು ಮಂಗಳೂರಿಗೆ ಹೊರಟಳು. ಜೊತೆಗೆ ಹೋಗಿ ಬಾ ಎಂದು ದೊರೆ ಎಸ್ಟೇಟಿನ ಒಬ್ಬ ಮೇಸ್ತ್ರಿಯನ್ನು ಕಳಿಸಿದ.

"ಆ ಕಚೇರಿಯೋರು ಒಳ್ಳೆಯೋರು. ಮಂಜಿ ಹತ್ತಿದೋರ ಮನೆಯೋರಿಗೆಲ್ಲ ಮೇಲಿನ ಕೋಣೆ ಬಿಟ್ಟುಕೊಟ್ಟಿದ್ರು. ಬೇರೆ ಊರಿನ ಹೆಂಗಸ್ರೂ ಇದ್ರು. ಅವ್ರ ಮಾತು ನಂಗ್ ತಿಳೀತಿರ್ಲಿಲ್ಲ, ನನ್ ಮಾತು ಅವ್ರಿಗೆ. ದಿನಾ ಬೆಳಿಗ್ಗೆ ಟೋಪಿ ಹಾಕ್ದೋರು ಒಬ್ರು ಬಂದು, ಇನ್ನೂ ಏನೂ ಇಲ್ಲ ಅಂತ ಹೇಳಿ ಹೋಗೋರು. ನೀನು ಬೆಂಚಿನ ಮೇಲೆ ಮಲ್ಕೊಂಡು ಮೇಲೆ ನೋಡ್ತಾ ನಗ್ತಿದ್ದೆ. ನಾನು ಅತ್ರೆ ನೀನೂ ಅಳ್ತಿ ಅಂತ ಮೇಸ್ತ್ರಿ ನಿನ್ನ ಕೈ ಹಿಡ್ಕೊಂಡು ಕೆಳಗೆ ಕರ್ಕೊಂಡ್ ಹೋಗಿ ದೋಣಿ ತೋರ್ಸೋರು. ಮತ್ತೆ ಮೆಟ್ಲು ಹತ್ಸೋರು. ಮತ್ತೆ ಕೆಳಗೆ. ದಿನವಿಡೀ ಅದೇ."

"ಮೇಸ್ತ್ರಿ ಅಂದ್ರೆ?"

"ಮೇಸ್ತ್ರಿ ಅಂದ್ರೆ ನಿಮ್ಮಪ್ಪ. ಭೂತಯ್ಯ."

ಮಂಜಿ ಸಿಗಲಿಲ್ಲ. ಊರಿಗೆ ವಾಪಸು ಬಂದ ಮೇಲೆ, ವರ್ಷ ಕಳೆದು, ಎರಡೂ ಕಡೆಯ ಹಿರಿಯರು ಕೂತು ಮಾತಾಡಿ ತುಂಗಮ್ಮನಿಗೆ ಭೂತಯ್ಯನ ಜೊತೆ ಕೂಡಿಕೆ ಮದುವೆ ಮಾಡಿದರು. ಭೂತಯ್ಯ ಆ ಎಸ್ಟೇಟು ಬಿಟ್ಟು, ಯಾರಿಗೂ ಗುರುತಿಲ್ಲದ ಕಳಸದ ಕಡೆಗೆ ಅವರನ್ನು ಕರೆದುಕೊಂಡು ಬಂದ. ಅವನು ಕೇಳಿದ್ದು ಒಂದೇ. ಮಗುವಿಗೆ ಹೇಳಬಾರದು. ಮಗುವಿನ ಪಾಲಿಗೆ ತಾನೇ ಅಪ್ಪ.

ಪಾಪಮ್ಮ ಚಾಪೆಯ ಮೇಲೆ ಬಿದ್ದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಮತ್ತೆ ಅಲ್ಲೇ ಹಾಕುತ್ತಿದ್ದಳು. "ಅಪ್ಪಯ್ಯ ಹೋದ ಮೇಲಾದ್ರೂ ಹೇಳ್ಬೋದಿತ್ತಲ್ಲ ಅವ್ವಾ."

"ಕೊನೇಲಿ ಅವ್ರ ಬಾಯಿಗೆ ನೀರು ಬಿಟ್ಟೋಳು ನೀನು. ಆಮೇಲೆ ಹ್ಯಾಗೆ ಹೇಳ್ಲಿ?"

ನಿನ್ನೆಯಿಂದ ಪಾಪಮ್ಮ ಆ ಕೈ ಯಾರದೆಂದು ತಲೆ ಕೆಡಿಸಿಕೊಂಡಿದ್ದಳು. ಅದು ಭೂತಯ್ಯನದೇ ಎಂದು ತಿಳಿದಾಗ ಮೊದಲು ಹಾಯೆನಿಸಿತು. ಮರುಕ್ಷಣವೇ, ಕಳೆದುಹೋದವನೊಬ್ಬನಿದ್ದಾನೆ, ಅವನದೊಂದು ಬೆರಳೂ ತನ್ನ ನೆನಪಿನಲ್ಲಿಲ್ಲ ಎನ್ನಿಸಿತು. ಅವನಿಗಾಗಿ ಅಳಬೇಕೆಂದುಕೊಂಡಳು. ಅಳು ಬಂದದ್ದು ಭೂತಯ್ಯನಿಗಾಗಿ. ಯಾರಿಗಾಗಿ ಅಳಬೇಕಾದಲ್ಲಿ ಯಾರಿಗಾಗಿ ಅಳುತ್ತಿದ್ದೇನೆ ಎಂದು ಅವಳಿಗೇ ಗೊಂದಲವಾಯಿತು.

"ಅವ್ರು ಹ್ಯಾಗಿದ್ರು? ಮಂಜಯ್ಯ?" ಅಪ್ಪ ಎನ್ನಲು ನಾಲಿಗೆ ಹೊರಳಲಿಲ್ಲ.

ತುಂಗಮ್ಮ ಕಣ್ಣು ಮುಚ್ಚಿ ಯೋಚಿಸಿದಳು. ತುಟಿ ಅಲುಗಾಡಿತು. ಕಡೆಗೆ ಕಣ್ಣು ತೆರೆದು, "ಸುಳ್ಳು ಹೇಳಲ್ಲ ಮಗಾ. ಮುಖ ನೆನಪಾಗ್ತಿಲ್ಲ. ಎತ್ತರಕ್ಕಿದ್ರು. ಬೇಗ ಬೇಗ ಉಣ್ಣೋರು. ನಾನು ಬಡ್ಸೋದ್ರಲ್ಲಿ ಎಲೆ ಖಾಲಿ. ಅಷ್ಟೇ ಉಳ್ದಿರೋದು" ಎಂದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ.

ಮಾರ್ಚಿನಲ್ಲಿ ಸುಬ್ಬಣ್ಣನ ಆಪರೇಶನ್ ಆಯಿತು. ಆಮೇಲೊಮ್ಮೆ ತೋರಿಸಲು ಹೋದಾಗ ಅವನೇ ಒತ್ತಾಯ ಮಾಡಿ ಪಾಪಮ್ಮನನ್ನು ಬಂದರಿಗೆ ಕರೆದುಕೊಂಡು ಹೋದ. ಈ ಸಲ ಅವನು ಮುಂದೆ, ಅವಳು ಹಿಂದೆ. ಮರಿಯಮ್ಮ ರಜೆಯ ಮೇಲಿದ್ದರು. ಹೊತ್ತು ಇನ್ನೂ ಬೆಳಗಿನದು. ಬಿಸಿಲು ರಸ್ತೆಯ ಕಡೆಗಿತ್ತು. ಸುಬ್ಬಣ್ಣ ಹೊಸ ಕಣ್ಣುಗಳಿಂದ ಚಾವಣಿಯನ್ನು ಮೂಲೆ ಮೂಲೆಯೂ ಬಿಡದೆ ನೋಡಿದ. ಹಲಗೆಗಳಿದ್ದವು, ಮೊಳೆಗಳಿದ್ದವು, ಕಣಜದ ಒಂದು ಗೂಡಿತ್ತು.

"ಏನೂ ಇಲ್ವಲ್ಲೆ" ಎಂದ.

"ಮಧ್ಯಾಹ್ನದ ತನಕ ಕಾದ್ರೆ ಬರ್ತದೆ."

ಅವನು ಕಾಯುವವನೇ. ಆದರೆ ಕಿಟಕಿಯ ಹತ್ತಿರ ನಿಂತ ಪಾಪಮ್ಮನೇ, "ಬೇಡ, ಹೋಗಣ" ಎಂದಳು. ಆ ಹೊಳೆಯಿಂದಲೇ ಒಬ್ಬರು ಖುಷಿಯಲ್ಲಿ ಹೊರಟುಹೋಗಿದ್ದರು ಎಂದು ಗೊತ್ತಾದ ಮೇಲೆ ಅವಳಿಗೆ ಅಲ್ಲಿ ಮೊದಲಿನ ಹಾಗೆ ನಿಲ್ಲಲಾಗಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಅವಳು ಕಳಸಕ್ಕೆ ಹೋದಳು. ತವರಿನಲ್ಲಿ ಪ್ರತಿವರ್ಷ ಭೂತಯ್ಯನಿಗೆ ಎಡೆ ಇಡುತ್ತಿದ್ದರು. ಕಡುಬು, ಕೋಳಿ ಸಾರು, ಅವನಿಗೆ ಇಷ್ಟವಾದ ಕಳಲೆ ಪಲ್ಯ, ಒಂದು ಕಟ್ಟು ಬೀಡಿ. ದಾಮೋದರ ಬಾಳೆಲೆ ಹಾಸಿ ಬಡಿಸುತ್ತಿದ್ದಾಗ ಪಾಪಮ್ಮ ಇನ್ನೊಂದು ಎಲೆ ತಂದು ಪಕ್ಕದಲ್ಲಿ ಹಾಸಿದಳು. ಆಮೇಲೆ ಕೈ ಕಟ್ಟಿ ನಿಂತಳು. ಏನು ಬಡಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮಂಜಯ್ಯ ಎಲೆಅಡಿಕೆ ಹಾಕುತ್ತಿದ್ದನೋ, ಬೀಡಿ ಸೇದುತ್ತಿದ್ದನೋ, ಸಿಹಿ ತಿನ್ನುತ್ತಿದ್ದನೋ? ಅವ್ವನ ಕಡೆ ನೋಡಿದಳು. ಗೋಡೆಗೊರಗಿ ಕೂತಿದ್ದ ತುಂಗಮ್ಮ ತನಗೂ ತಿಳಿಯದೆಂದು ತಲೆಯಾಡಿಸಿದಳು. ಪಾಪಮ್ಮ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿದಳು.

"ಇದು ಯಾರಿಗಕ್ಕಾ?" ದಾಮೋದರ ಕೇಳಿದ.

ಪಾಪಮ್ಮ ಹೇಳಿದಳು. ಹೆಚ್ಚೇನೂ ಬೆಳೆಸದೆ, ಅವ್ವ ತನಗೆ ಹೇಳಿದಷ್ಟನ್ನೇ ಹೇಳಿದಳು. ದಾಮೋದರ ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡೇ ಕೇಳಿದ. ಅವ್ವನನ್ನು ನೋಡಿದ, ಅಕ್ಕನನ್ನು ನೋಡಿದ, ಎರಡು ಎಲೆಗಳನ್ನು ನೋಡಿದ. ಸೌಟಿನಿಂದ ಸಾರು ಅವನ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಂದ್ರೆ ನಂಗೆ ಅವ್ರು ಏನಾಗ್ಬೇಕು?"

"ಗೊತ್ತಿಲ್ಲ ಮಾರಾಯ."

"ನಾನು ಕೈ ಮುಗೀಬೋದಾ?"

"ಅದೂ ಗೊತ್ತಿಲ್ಲ ಕಣೋ."

ದಾಮೋದರ ಎರಡನೆಯ ಎಲೆಯ ಮುಂದೆ ಬಗ್ಗಿ, ಕಡುಬಿನ ಮೇಲೆ ಇನ್ನೊಂದು ಸೌಟು ಸಾರು ಹಾಕಿದ. "ಬೇಗ ಉಣ್ಣೋರು ಅಂದ್ಯಲ್ಲ" ಎಂದ. ಮೂವರೂ ಎದ್ದು ಹೊರಗೆ ಹೋಗಿ, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಜಗಲಿಯಲ್ಲಿ ಕೂತರು.